ಆವಕ ರಿಜಿಸ್ಟರಿನ ಒಂದು ಸಾಲು

ಕಳೆದ ಏಪ್ರಿಲ್‌ನಲ್ಲಿ ನಾಗಪುರಕ್ಕೆ ಹೋಗಿದ್ದೆ. ತಂಗಿಯ ಮನೆ ಈಗಲೂ ಲಕ್ಷ್ಮೀ ನಗರದಲ್ಲೇ ಇದೆ, ನಾವು ಹಿಂದೆ ಬಾಡಿಗೆಗಿದ್ದ ಮನೆಯಿಂದ ಎರಡು ರಸ್ತೆ ಆಚೆ. ಮಧ್ಯಾಹ್ನದ ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾಗಿದ್ದಾಗ ತಂಗಿಯ ಗಂಡ ಆ ವರ್ಷದ ಮೊದಲ ಸಲ ಕೂಲರ್ ಹಾಕಿದರು. ಒಣಗಿ ನಿಂತಿದ್ದ ಲಾವಂಚದ ಪರದೆಯ ಮೇಲೆ ನೀರು ಬಿದ್ದು ಅದರ ವಾಸನೆ ಕೋಣೆಯನ್ನು ತುಂಬಿತು. ಹೊರಗಿನ ಬಿಸಿಲಿನಿಂದ ಆಗಷ್ಟೇ ಬಂದಿದ್ದ ಮಕ್ಕಳು ಕೂಲರಿನ ಮುಂದೆ ಮುಖವೊಡ್ಡಿ ಕೂತರು. ನನಗೆ ಮಾತ್ರ ಅಲ್ಲಿರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನಿಂತೆ. ಏನಾಯಿತು ಎಂದು ತಂಗಿ ಕೇಳಿದಳು. ಬಿಸಿಲಿಗೆ ಹೀಗಾಗುತ್ತದೆ ಎಂದೆ.

ಬಿಸಿಲಿನಿಂದ ಆದದ್ದಲ್ಲ ಅದು. ಆ ವಾಸನೆಯ ನಡುವೆ ಕೂತು ನಾನೊಮ್ಮೆ ಒಂದು ಸಾಲು ಬರೆದಿದ್ದೆ. ಎಂಬತ್ತೈದೋ ಎಂಬತ್ತಾರೋ, ಖಚಿತವಾಗಿ ಹೇಳಲಾರೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು, ಬೇರೆಯವರ ಸಾಕ್ಷ್ಯವನ್ನು ಹೇಗೆ ಅನುಮಾನಿಸಬೇಕು ಎಂಬುದನ್ನು ಎರಡು ವರ್ಷ ಓದಿ, ಆ ಚಟವನ್ನು ಇವತ್ತಿಗೂ ಬಿಡಲಾಗಿಲ್ಲ. ಆ ವರ್ಷದ ಮಟ್ಟಿಗಂತೂ ನನ್ನ ನೆನಪೇ ನನಗೆ ಮೊದಲ ಅನುಮಾನಾಸ್ಪದ ಸಾಕ್ಷಿ. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ನನಗೆ ತೋರುವ ಹಾಗೆ ಬರೆಯುತ್ತಿದ್ದೇನೆ.

ಅಪ್ಪನಿಗೆ ರೈಲ್ವೆ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದು ನಾಗಪುರದಲ್ಲೇ ನೆಲೆ ನಿಂತಿದ್ದೆವು. ಎಂ.ಎ. ಮುಗಿಸಿ ಎರಡು ವರ್ಷ ಅಲೆದ ಮೇಲೆ ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತು. ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದು ಅಂಚೆಯ ಮೂಲಕ ಬಿ.ಎ. ಓದಿಸುತ್ತಿತ್ತು. ಅದರ ನಾಗಪುರದ ಕೇಂದ್ರ ಇದ್ದದ್ದು ಧರಮಪೇಠದ ಹೈಸ್ಕೂಲೊಂದರ ಹಿಂಭಾಗದ ಎರಡು ಕೋಣೆಗಳಲ್ಲಿ. ಪಾಠದ ಪುಸ್ತಕಗಳ ಕಟ್ಟು ಹಂಚುವುದು, ವಿದ್ಯಾರ್ಥಿಗಳು ಬರೆದು ಕಳಿಸಿದ ಉತ್ತರಗಳನ್ನು ಮುಖ್ಯ ಕಚೇರಿಗೆ ರವಾನಿಸುವುದು, ಭಾನುವಾರದ ಸಂಪರ್ಕ ತರಗತಿಗೆ ಬೆಂಚು ಹೊಂದಿಸುವುದು, ಪರೀಕ್ಷೆಯ ಅರ್ಜಿ, ಹಾಲ್ ಟಿಕೆಟ್, ಅಂಕಪಟ್ಟಿ, ಎಲ್ಲಕ್ಕೂ ಒಂದೇ ಕಿಟಕಿ. ಕಿಟಕಿಯ ಒಳಗೆ ನಾನು. ಹೊರಗೆ ಹಿಂಗಣಾದ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಂದವರು, ಕಾಮಠಿಯ ಸಿಪಾಯಿಗಳು, ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಗೃಹಿಣಿಯರು. ನನಗಿಂತ ಹಿರಿಯರೇ ಹೆಚ್ಚು. ಓದುವ ಆಸೆಯನ್ನು ಅಷ್ಟು ಮುಜುಗರದಿಂದ ಹೊತ್ತು ತಿರುಗುವ ಜನರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಳಗೆ ಇದ್ದದ್ದು ನಾನೂ ಸೇರಿ ಮೂವರು. ಸಂಯೋಜಕರು ಕಾಲೇಜಿನಿಂದ ನಿವೃತ್ತರಾದ ಅರ್ಥಶಾಸ್ತ್ರದ ಮೇಷ್ಟ್ರು, ನಿಯಮದ ಮನುಷ್ಯ. ಇನ್ನೊಬ್ಬರು ಟಪಾಲಿನ ಗುಮಾಸ್ತ ವಾನಖೇಡೆ ಕಾಕಾ. ಬೇಸಿಗೆ ಶುರುವಾದರೆ ಬಿಸಿಲು ತಾಗದಿರಲೆಂದು ಅಂಗಿಯ ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡೇ ಬರುತ್ತಿದ್ದರು. ಮಧ್ಯಾಹ್ನ ಅದನ್ನೇ ಗುದ್ದಿ ಒಡೆದು ರೊಟ್ಟಿಗೆ ನಂಚಿಕೊಂಡು, ಮಾರನೆಯ ದಿನ ಹೊಸದನ್ನು ತರುವರು. ಬಂದ ಪ್ರತಿಯೊಂದು ಲಕೋಟೆಯನ್ನೂ ಅವರು ದಪ್ಪ ಪುಸ್ತಕವೊಂದರಲ್ಲಿ ನಂಬರು ಹಾಕಿ ಬರೆಯುತ್ತಿದ್ದರು. ಅದು ಆವಕ ರಿಜಿಸ್ಟರು. ಅದರಲ್ಲಿ ಬರೆದದ್ದಷ್ಟೇ ಬಂದದ್ದು. ಬರೆಯದಿದ್ದದ್ದು ಬಂದೇ ಇಲ್ಲ. ಕಾಗದವನ್ನು ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ನಿಂತ ವಿದ್ಯಾರ್ಥಿಗೂ ಅವರದು ಒಂದೇ ಉತ್ತರ: ‘ಪೋಸ್ಟಾನೇ ಪಾಠವಾ.’ ಅಂಚೆಯಲ್ಲಿ ಕಳಿಸಿ. ದೂರದಿಂದ ಓದುವವರು ದೂರದಿಂದಲೇ ಕಳಿಸಬೇಕು, ಮುದ್ರೆ ಬೀಳಬೇಕು ಎಂಬುದು ನಿಯಮ. ಆ ವಿದ್ಯಾರ್ಥಿ ಬೈದುಕೊಂಡು ರಸ್ತೆ ದಾಟಿ, ಎದುರಿನ ಅಂಚೆ ಕಚೇರಿಯಲ್ಲಿ ಸಾಲು ನಿಂತು, ಕೂಗಿದರೆ ಕೇಳುವಷ್ಟು ಹತ್ತಿರದ ನಮ್ಮ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಹೋಗುತ್ತಿದ್ದ.

ನಮ್ಮ ಕನ್ನಡದವರು ಮಾತ್ರ ಈ ನಿಯಮಕ್ಕೆ ಒಗ್ಗಲಿಲ್ಲ. ನಮ್ಮ ಹುಡುಗನೇ ಯೂನಿವರ್ಸಿಟಿಯಲ್ಲಿ ಇರುವಾಗ ಅಂಚೆಯವನನ್ನು ಯಾಕೆ ನಂಬಬೇಕು ಎಂಬುದು ಅವರ ವಾದ. ಭಾನುವಾರ ಬೆಳಗ್ಗೆ ಲಕ್ಷ್ಮೀ ನಗರದ ನಮ್ಮ ಮನೆಗೆ ಬಂದು, ಉಪ್ಪಿಟ್ಟು ತಿಂದು, ಊರಿನ ಸುದ್ದಿ ಮುಗಿಸಿ, ಹೊರಡುವಾಗ ಚೀಲದಿಂದ ಉತ್ತರದ ಹಾಳೆಗಳನ್ನು ತೆಗೆದು ಕೊಡುತ್ತಿದ್ದರು. ಬೇಡ ಎಂದು ನಾನು ಹೇಳುವಷ್ಟರಲ್ಲಿ ಅಮ್ಮ ಇಸಿದುಕೊಂಡು ಹೊಲಿಗೆ ಯಂತ್ರದ ಮೇಲೆ ಇಟ್ಟಾಗಿರುತ್ತಿತ್ತು. ‘ಪಾಪ, ಅಷ್ಟು ದೂರದಿಂದ ಬಂದಿದಾರೆ. ನಾಳೆ ಹೋಗ್ತಾ ತಗೊಂಡು ಹೋಗೋ, ನಿನ್ ತಲೆ ಮೇಲೇನು ಹೊರೆಯಾಗುತ್ತೆ?’ ಎನ್ನುವಳು.

ಸಿಬ್ಬಂದಿ ಕಚೇರಿಯ ಹೊರಗೆ ಯಾರಿಂದಲೂ ಕಾಗದ ಪಡೆಯಕೂಡದು ಎಂದು ಸಂಯೋಜಕರು ಬರೆಸಿ ಗೋಡೆಗೆ ಅಂಟಿಸಿದ್ದರು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವನ ಕೆಲಸ ಹೋದದ್ದೇ ಆ ಕಾರಣಕ್ಕೆ. ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೆ. ಸೋಮವಾರ ಆ ಹಾಳೆಗಳನ್ನು ಲಕೋಟೆಗೆ ಹಾಕಿ, ಅಂಚೆ ಚೀಟಿ ಅಂಟಿಸಿ, ನಮ್ಮದೇ ಕಚೇರಿಯ ವಿಳಾಸ ಬರೆದು, ಬಾಗಿಲೆದುರಿನ ಕೆಂಪು ಪೆಟ್ಟಿಗೆಗೆ ಹಾಕಿ ಒಳಗೆ ಹೋಗುತ್ತಿದ್ದೆ. ಅದು ಊರೆಲ್ಲ ಸುತ್ತಿ, ಮುದ್ರೆ ಹಾಕಿಸಿಕೊಂಡು, ಎರಡು ದಿನದ ಮೇಲೆ ನಮ್ಮ ಟಪಾಲಿನ ಕಟ್ಟಿನಲ್ಲಿ ಬರುತ್ತಿತ್ತು. ಪಕ್ಕದ ಮೇಜಿನಲ್ಲಿ ವಾನಖೇಡೆ ಕಾಕಾ ಅದರ ಅಂಚನ್ನು ನಾಜೂಕಾಗಿ ಕತ್ತರಿಸಿ, ನಂಬರು ಹಾಕಿ, ನನ್ನ ಕೈಗೇ ಕೊಡುತ್ತಿದ್ದರು. ನಾನು ಮೊದಲ ಸಲ ನೋಡುವವನಂತೆ ತೆಗೆದುಕೊಳ್ಳುತ್ತಿದ್ದೆ.

ಹೀಗೆ ಬರುತ್ತಿದ್ದವರಲ್ಲಿ ನೀಲಮ್ಮನವರು ಒಬ್ಬರು. ಗದಗಿನ ಕಡೆಯವರು. ಗಂಡ ರೈಲ್ವೆಯಲ್ಲಿದ್ದು ಕೆಲಸದ ಮೇಲೆಯೇ ತೀರಿಕೊಂಡಿದ್ದರು. ಅನುಕಂಪದ ಮೇಲೆ ಇವರಿಗೆ ಅದೇ ಕಚೇರಿಯಲ್ಲಿ ಜವಾನರ ಕೆಲಸ ಸಿಕ್ಕಿತ್ತು. ಫೈಲು ಹೊರುವುದು, ಸಾಹೇಬರಿಗೆ ನೀರು ಕೊಡುವುದು. ಗಂಡನ ಜೊತೆ ಕೂತು ಕೆಲಸ ಮಾಡಿದ ಗುಮಾಸ್ತರೇ ಗಂಟೆ ಒತ್ತಿ ಕರೆಯುತ್ತಿದ್ದರು. ಒಳಗಿನ ನೌಕರರಿಗೆ ಗುಮಾಸ್ತರ ಹುದ್ದೆಗೆ ಇಲಾಖೆಯದೇ ಒಂದು ಪರೀಕ್ಷೆ ಇತ್ತು. ಅದಕ್ಕೆ ಕೂರಲು ಪದವಿ ಬೇಕು, ವಯಸ್ಸೂ ಮೀರಿರಬಾರದು. ನೀಲಮ್ಮನವರಿಗೆ ಆ ವರ್ಷವೇ ಕೊನೆ. ಮೇ ತಿಂಗಳಲ್ಲಿ ಬಿ.ಎ. ಅಂತಿಮ ವರ್ಷ ಬರೆದು ಪಾಸಾದರೆ ಉಂಟು, ತಪ್ಪಿದರೆ ನಿವೃತ್ತಿಯವರೆಗೂ ನೀರಿನ ಲೋಟವೇ.

ಅವರು ಓದಿದ ರೀತಿ ಹೇಳಿದರೆ ನಂಬುವುದು ಕಷ್ಟ. ಕೋರ್ಸು ಹಿಂದಿಯದು. ಪ್ರತಿ ಉತ್ತರವನ್ನೂ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಒಂದೊಂದೇ ವಾಕ್ಯವನ್ನು ಹಿಂದಿಗೆ ತಿರುಗಿಸುವರು. ತಿರುಗಿಸಿದ್ದು ಸರಿಯಿದೆಯೇ ಎಂದು ಹೇಳುತ್ತಿದ್ದವಳು ಕನ್ನಡ ಓದಲು ಬಾರದ, ಮರಾಠಿ ಶಾಲೆಗೆ ಹೋಗುವ ಮಗಳು. ‘ಆಕಿ ನನ್ನ ಮಾಸ್ತರಣಿ ಆಗ್ಯಾಳ್ರಿ ಸರ. ತಪ್ಪಾದ್ರ ಕಿವಿ ಹಿಂಡೂದೊಂದು ಬಾಕಿ ಐತಿ’ ಎಂದು ನಗುತ್ತಿದ್ದರು.

ಪರೀಕ್ಷೆಯ ಅರ್ಜಿ ತುಂಬಲು ಫೆಬ್ರವರಿ ಕೊನೆಯ ಗಡುವು. ಒಂದು ಭಾನುವಾರ ಅವರು ಅರ್ಜಿ ತಂದುಕೊಟ್ಟರು. ಆ ಬೆಳಗು ನನಗೆ ಎಷ್ಟು ಸ್ಪಷ್ಟವಾಗಿ ನೆನಪಿದೆ ಎಂದರೆ ಇವತ್ತೂ ಚಿತ್ರ ಬಿಡಿಸಬಲ್ಲೆ. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದೆ. ಅವರು ಸೈಕಲ್ ನಿಲ್ಲಿಸಿ ಬಂದು, ಸೆರಗಿನಲ್ಲಿ ಮುಖ ಒರೆಸಿ, ಕವರಿನಿಂದ ಅರ್ಜಿ ತೆಗೆದರು. ಗುಂಡುಪಿನ್ನು ಸಡಿಲವಾಗಿ ಫೋಟೋ ನೆಲಕ್ಕೆ ಬಿತ್ತು. ಅದನ್ನು ಎತ್ತಿ ನೋಡಿ, ‘ಪೊಲೀಸ್ರು ಹಿಡಕೊಂಡು ಹೋದಾಗ ತಗದಂಗ ಐತಿ ನೋಡ್ರಿ’ ಎಂದರು. ನಾನು ನಕ್ಕೆ. ಮಾರನೆಯ ದಿನ ಲಕೋಟೆಗೆ ಹಾಕಿ ಕೆಂಪು ಪೆಟ್ಟಿಗೆಯಲ್ಲಿ ಬಿಟ್ಟೆ. ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಬೇಕಿತ್ತು. ಸಾಲಿನಲ್ಲಿ ನಿಲ್ಲಲು ಸೋಮಾರಿತನವಾಗಿ, ಬೇರೆ ಹಾಳೆಗಳಂತೆ ಅದನ್ನೂ ಸಾದಾ ಟಪಾಲಿಗೆ ಹಾಕಿದೆ. ಹೀಗೆಂದು ನೆನಪು.

ಏಪ್ರಿಲ್ ಎರಡನೇ ವಾರ ಹಾಲ್ ಟಿಕೆಟ್‌ಗಳ ಕಟ್ಟು ಬಂತು. ಕಿಟಕಿಯ ಮುಂದೆ ಜನ. ಹೆಸರು ಕೂಗುತ್ತ ಹಂಚಿದೆ. ಕಟ್ಟು ಮುಗಿದಾಗ ನೀಲಮ್ಮನವರು ಇನ್ನೂ ನಿಂತಿದ್ದರು.

‘ನಂದು ಬಂದಿಲ್ಲೇನ್ರಿ ಸರ?’

ಎರಡನೇ ಕಟ್ಟು ಬರುವುದಿದೆ, ಅದರಲ್ಲಿರುತ್ತದೆ ಎಂದೆ. ಎರಡನೇ ಕಟ್ಟು ಎಂಬುದು ಇರಲೇ ಇಲ್ಲ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಅವರು ಹೋದ ಮೇಲೆ ಫೆಬ್ರವರಿಯ ಪುಟಗಳನ್ನು ತಿರುವಿದೆ. ಅವರ ಹೆಸರಿನ ಅರ್ಜಿ ಬಂದ ದಾಖಲೆ ಇರಲಿಲ್ಲ. ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ.

ಮನೆಯಲ್ಲಿ ಹೊಲಿಗೆ ಯಂತ್ರ ಸರಿಸಿ ನೋಡಿದೆ. ಕಪಾಟು, ಹಾಸಿಗೆಯ ಕೆಳಗೆ, ನನ್ನ ಪುಸ್ತಕಗಳ ಪುಟಪುಟ. ಅಮ್ಮನನ್ನು ಕೇಳಿದರೆ, ‘ನೀನೇ ತಗೊಂಡು ಹೋದ್ಯಲ್ಲೋ, ಆವತ್ತೇ’ ಎಂದಳು. ಹೌದು, ನಾನೇ. ಪೆಟ್ಟಿಗೆಗೆ ಹಾಕಿದ್ದು ನೆನಪಿದೆ. ಆದರೆ ಪ್ರತಿ ಸಲ ನೆನೆಸಿಕೊಂಡಾಗಲೂ ಚಿತ್ರಕ್ಕೆ ಏನೋ ಒಂದು ಸೇರಿಕೊಳ್ಳುತ್ತಿತ್ತು. ಒಂದು ದಿನ ಪೆಟ್ಟಿಗೆಯ ನೆರಳಿನಲ್ಲಿ ನಾಯಿ ಮಲಗಿತ್ತು. ಇನ್ನೊಂದು ದಿನ ಪೆಟ್ಟಿಗೆಯ ತಗಡು ಕೈ ಸುಡುವಷ್ಟು ಕಾದಿತ್ತು. ಕಾದಿತ್ತು ಎಂದು ಹೊಳೆದ ಕ್ಷಣ ಬೆಚ್ಚಿದೆ. ಫೆಬ್ರವರಿಯಲ್ಲಿ ನಾಗಪುರದ ಬೆಳಗಿಗೆ ಸ್ವೆಟರ್ ಬೇಕು. ಸುಡುವ ತಗಡು ಈಗಿನದು, ಏಪ್ರಿಲ್‌ನದು. ಅಂದರೆ ನಾನು ನೆನಪು ಮಾಡಿಕೊಳ್ಳುತ್ತಿರಲಿಲ್ಲ. ದಿನವೂ ಕೂತು ಹೊಸದಾಗಿ ತಯಾರಿಸುತ್ತಿದ್ದೆ. ಹಾಗಾದರೆ ಆ ಲಕೋಟೆಯನ್ನು ಹಾಕಿದ್ದು ನಿಜವೇ? ಬೇರೆ ಸೋಮವಾರದ ಬೇರೆ ಲಕೋಟೆಯೇ?

ನೀಲಮ್ಮನವರು ದಿನ ಬಿಟ್ಟು ದಿನ ಬರತೊಡಗಿದರು. ಕಚೇರಿ ಬಿಟ್ಟು, ಸೈಕಲ್ ತುಳಿದು, ನಾವು ಕಿಟಕಿ ಹಾಕುವ ಹೊತ್ತಿಗೆ. ಅವರ ಸೈಕಲ್ಲಿನ ಸ್ಟ್ಯಾಂಡು ಎಳೆಯುವ ಸದ್ದು ಕೇಳಿದರೆ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸತೊಡಗುತ್ತಿದ್ದೆ. ಅವರು ಒಮ್ಮೆಯೂ ದಬಾಯಿಸಲಿಲ್ಲ. ನನಗೆ ತೊಂದರೆ ಕೊಡುತ್ತಿದ್ದೇನೆ ಎಂಬ ಅಳುಕು ಅವರಿಗೆ. ಒಂದು ಸಂಜೆ ಮಾತ್ರ ಕಿಟಕಿಯ ಕಂಬಿ ಹಿಡಿದು ಹೇಳಿದರು. ‘ಸಾಹೇಬ್ರು ಇಲಾಖೆ ಪರೀಕ್ಷಾದ ಯಾದಿಯೊಳಗ ನನ್ನ ಹೆಸರು ಬರದಾರ್ರಿ. ಬಿ.ಎ. ಹಾಲ್ ಟಿಕೆಟ್ ನಂಬರ್ ಹಚ್ಚಬೇಕಂತ, ಈ ವಾರದೊಳಗ. ಇಲ್ಲಂದ್ರ ಹೆಸರು ಹೊಡದ ಹಾಕ್ತಾರ. ಸರ, ಎಲ್ಲಾ ಬರೋಬರ್ ಐತಿ ಅಲ್ರಿ?’

ಬರೋಬರ್ ಇದೆ ಎಂದೆ.

ನಿಜ ಹೇಳಬಹುದಿತ್ತು. ಸಂಯೋಜಕರ ಮುಂದೆ ಹೋಗಿ, ಮನೆಯಲ್ಲಿ ಅರ್ಜಿ ಪಡೆದೆ, ಕಳೆದೆ ಎಂದರೆ ಮುಗಿಯುತ್ತಿತ್ತು. ಏಪ್ರಿಲ್ ಕೊನೆಗೆ ನನ್ನ ನೇಮಕ ನವೀಕರಣವಾಗಬೇಕಿತ್ತು. ಅಪ್ಪ ಅದೇ ವರ್ಷ ನಿವೃತ್ತರಾಗುವವರಿದ್ದರು. ತಂಗಿಗೆ ಗಂಡು ನೋಡುತ್ತಿದ್ದೆವು. ಇವೆಲ್ಲ ನಾನು ಆಮೇಲೆ ಹುಡುಕಿಕೊಂಡ ಕಾರಣಗಳೂ ಇರಬಹುದು. ಆವತ್ತು ಇದ್ದದ್ದು ಬರೀ ಭಯ. ಹೇಳಿದರೂ ಅವರಿಗೆ ಹಾಲ್ ಟಿಕೆಟ್ ಸಿಗುವುದಿಲ್ಲ, ನನ್ನ ಕೆಲಸವೂ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಗಡುವಿನೊಳಗೆ ಕೇಂದ್ರಕ್ಕೆ ಬಂದ ಅರ್ಜಿ ದಾರಿಯಲ್ಲಿ ಕಳೆದರೆ ಮಾತ್ರ ತಾತ್ಕಾಲಿಕ ಅನುಮತಿ ಕೊಡಬಹುದು ಎಂದಿತ್ತು ನಿಯಮ. ಬಂದದ್ದಕ್ಕೆ ಸಾಕ್ಷಿ ಆವಕ ರಿಜಿಸ್ಟರು ಒಂದೇ.

ವಾನಖೇಡೆ ಕಾಕಾಗೆ ಒಂದು ಅಭ್ಯಾಸವಿತ್ತು. ಟಪಾಲು ದಿನಕ್ಕೆ ಎರಡು ಸಲ ಬರುತ್ತಿತ್ತು. ಬೆಳಗಿನದನ್ನು ಬರೆದಾದ ಮೇಲೆ ಮಧ್ಯಾಹ್ನದ್ದಕ್ಕೆಂದು ಮುಂದಿನ ಕೆಲವು ಸಾಲುಗಳಿಗೆ ಮೊದಲೇ ನಂಬರು ಹಾಕಿಡುತ್ತಿದ್ದರು. ಅಷ್ಟು ಲಕೋಟೆ ಬಾರದಿದ್ದರೆ ಉಳಿದ ನಂಬರಿನ ಮುಂದೆ ಒಂದು ಗೆರೆ ಎಳೆದು ಮುಚ್ಚುವರು. ಫೆಬ್ರವರಿಯ ಮೂರನೇ ವಾರದ ಒಂದು ದಿನ ಒಂದೇ ಒಂದು ನಂಬರಿಗೆ ಗೆರೆ ಎಳೆಯಲು ಮರೆತಿದ್ದರು. ಪುಟ ತಿರುವುವಾಗಲೆಲ್ಲ ಆ ಖಾಲಿ ಸಾಲು ನನ್ನ ಕಣ್ಣಿಗೆ ಬೀಳುತ್ತಿತ್ತು. ನಾಲ್ಕು ದಿನ ಅದನ್ನು ನೋಡಿದೆ. ಐದನೇ ದಿನ ಬರೆದೆ.

ಮಧ್ಯಾಹ್ನ ಒಂದೂವರೆ. ಹೊರಗೆ ಬಿಸಿಗಾಳಿ. ರಸ್ತೆಯಲ್ಲಿ ಒಂದು ಸ್ಕೂಟರಿನ ಸದ್ದೂ ಇಲ್ಲ. ಸಂಯೋಜಕರು ಊಟಕ್ಕೆ ಮನೆಗೆ ಹೋಗಿದ್ದರು. ಕಾಕಾ ಒಳಕೋಣೆಯಲ್ಲಿ ಪುಸ್ತಕದ ಕಟ್ಟುಗಳ ಮೇಲೆ ಟವೆಲು ಹಾಸಿ ಮಲಗಿದ್ದರು. ಆ ವರ್ಷ ಕೇಂದ್ರಕ್ಕೆ ಹೊಸ ಕೂಲರ್ ಬಂದಿತ್ತು. ಅದರ ಒದ್ದೆ ಲಾವಂಚದ ಘಾಟಿನಲ್ಲಿ ಕೋಣೆ ಮುಳುಗಿತ್ತು. ರಿಜಿಸ್ಟರಿನ ನಡುವೆಯೇ ಅವರ ಪೆನ್ನು ಇತ್ತು. ಅವರ ದುಂಡು ಅಕ್ಷರವನ್ನು ಎರಡು ವರ್ಷದಿಂದ ನೋಡಿದ್ದೆ, ಅನುಕರಿಸುವುದು ಕಷ್ಟವಾಗಲಿಲ್ಲ. ನೀಲಮ್ಮನವರ ಹೆಸರು, ನೋಂದಣಿ ಸಂಖ್ಯೆ, ಮರಾಠಿಯಲ್ಲಿ ‘ಪರೀಕ್ಷಾ ಅರ್ಜ’. ಒಂದು ಸಾಲು. ಪೆನ್ನನ್ನು ಇದ್ದಲ್ಲೇ ಇಟ್ಟೆ. ಒಳಕೋಣೆಯಲ್ಲಿ ಕಾಕಾ ಕೆಮ್ಮಿದರು. ನಾನು ಪುಸ್ತಕ ಮುಚ್ಚದೆ ಹೊರಗೆ ಬಂದು ಬಿಸಿಲಲ್ಲಿ ನಿಂತೆ.

ಆ ಸಾಲಿನ ಅರ್ಥ ಏನೆಂದು ಬರೆಯುವ ಮೊದಲೇ ನನಗೆ ಗೊತ್ತಿತ್ತು. ಅರ್ಜಿ ಬಂದಿದೆ, ಮುಖ್ಯ ಕಚೇರಿಗೆ ಹೋದ ಪಾರ್ಸಲಿನಲ್ಲಿ ಇಲ್ಲ, ಹಾಗಾದರೆ ಪಾರ್ಸಲು ಕಟ್ಟಿದವರು ಕಳೆದರು. ಉತ್ತರದ ಹಾಳೆಗಳಂತೆ ಪರೀಕ್ಷೆಯ ಅರ್ಜಿಗಳು ನನ್ನ ಕೈಗೆ ಬರುತ್ತಿರಲಿಲ್ಲ, ಅವುಗಳ ಪಾರ್ಸಲು ಕಟ್ಟುತ್ತಿದ್ದವರು ಕಾಕಾ.

ಮರುದಿನ ನೀಲಮ್ಮನವರ ವಿಷಯವನ್ನು ಸಂಯೋಜಕರ ಮುಂದೆ ಇಟ್ಟೆ. ಅವರು ರಿಜಿಸ್ಟರು ತರಿಸಿದರು. ಸಾಲಿನ ಮೇಲೆ ಬೆರಳಿಟ್ಟು ಕಾಕಾನನ್ನು ಕರೆದು, ಇದು ಬಂದಿತ್ತಲ್ಲವೇ, ಎಲ್ಲಿ ಹೋಯಿತು ಎಂದು ಕೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕಾಕಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಇದು ನನ್ನ ಕೈಬರಹವಲ್ಲ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ.

‘ಹೋ ಸಾಹೇಬ, ಆಲಾ ಹೋತಾ,’ ಎಂದರು. ಹೌದು, ಬಂದಿತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೆಣ್ಣುಮಗಳ ಅರ್ಜಿ, ಫೋಟೋ ಕಳಚಿತ್ತು, ನಾನೇ ಗುಂಡುಪಿನ್ನು ಚುಚ್ಚಿದೆ, ಚೆನ್ನಾಗಿ ನೆನಪಿದೆ ಎಂದರು.

ಫೋಟೋ ಬಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರ ಬಾಯಿಂದ ಅದು ಹೇಗೆ ಬಂತು? ಹಾಗಾದರೆ ಅರ್ಜಿ ನಿಜವಾಗಿ ಬಂದಿತ್ತೇ? ಕಾಕಾ ಬರೆಯಲು ಮರೆತಿದ್ದರೇ? ನಾನು ಬರೆದ ಸುಳ್ಳು ಸಾಲು ಸತ್ಯವೇ ಆಗಿತ್ತೇ? ಇಲ್ಲ, ಸಾವಿರ ಅರ್ಜಿಗಳಲ್ಲಿ ನೂರರ ಫೋಟೋ ಕಳಚುತ್ತದೆ, ಮುದುಕ ತನ್ನ ಅಕ್ಷರ ಎಂದು ನಂಬಿದ್ದಕ್ಕೆ ತಕ್ಕ ನೆನಪನ್ನು ಹೊಂದಿಸಿಕೊಂಡ ಎಂದು ನನ್ನ ಓದು ಹೇಳಿತು. ಎರಡರಲ್ಲಿ ಯಾವುದನ್ನು ನಂಬಲೂ ನನಗೆ ಧೈರ್ಯವಾಗಲಿಲ್ಲ.

ಸಂಯೋಜಕರು ಟ್ರಂಕ್ ಕಾಲ್ ಹಚ್ಚಿ ಮುಖ್ಯ ಕಚೇರಿಯೊಡನೆ ಮಾತಾಡಿದರು. ಹೊಸ ಅರ್ಜಿ ತುಂಬಿಸಿ ತಾತ್ಕಾಲಿಕ ಪ್ರವೇಶ ಪತ್ರ ಕೊಡಲು ಒಪ್ಪಿಗೆ ಬಂತು. ಪತ್ರ ಕೈಗೆ ಬಂದಾಗ ನೀಲಮ್ಮನವರು ಕಿಟಕಿಯ ಹೊರಗಿನಿಂದಲೇ ಕೈ ಮುಗಿದರು. ನಾನು ಫೈಲು ಹುಡುಕುವವನಂತೆ ಬೆನ್ನು ತಿರುಗಿಸಿದೆ.

ಪರೀಕ್ಷೆ ನಡೆದ ಹದಿನೈದು ದಿನ ಊರು ಬೆಂದುಹೋಗಿತ್ತು. ಬೇರೆಯವರು ಉತ್ತರಪತ್ರಿಕೆಗೆ ಹೆದರಿದರು. ನಾನು ಮುಖ್ಯ ಕಚೇರಿಯಿಂದ ಯಾರಾದರೂ ಬಂದು ರಿಜಿಸ್ಟರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ ಎಂದು ಹೆದರಿದೆ. ಅಪರಿಚಿತರು ಮೆಟ್ಟಿಲು ಹತ್ತಿದರೆ ಸಾಕು, ಎದ್ದು ನಿಲ್ಲುತ್ತಿದ್ದೆ. ಒಮ್ಮೆ ಕೂಲರಿನ ಮೋಟಾರು ರಿಪೇರಿಗೆ ಬಂದವನ ಮುಂದೆ ನಿಂತು, ಏನು ಬೇಕು ಎಂದು ತೊದಲಿದ್ದೆ.

ಅದಕ್ಕಿಂತ ಕೆಟ್ಟದ್ದು ಕಾಕಾನ ಕಡೆ ನೋಡುವುದಾಗಿತ್ತು. ಅವರು ಬದಲಾದರು. ಮೂವತ್ತು ವರ್ಷ ಟಪಾಲು ಕೆಲಸ ಮಾಡಿ ಒಂದು ಕಾಗದ ಕಳೆಯದವರು ಈಗ ಪ್ರತಿ ಪಾರ್ಸಲನ್ನೂ ಮೂರು ಸಲ ಎಣಿಸಿದರು. ಅರಗಿನ ಮುದ್ರೆ ಒತ್ತಿದ ಮೇಲೂ ಒಡೆದು ಬಿಚ್ಚಿ ಮತ್ತೆ ಎಣಿಸಿದರು. ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ನನ್ನ ಪಕ್ಕ ಕೂತು ಮರಾಠಿಯಲ್ಲಿ ಹೇಳಿದರು: ಅರ್ಜಿಯನ್ನು ಬರೆದುಕೊಂಡದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಪಾರ್ಸಲಿಗೆ ಹಾಕಿದ್ದು ಏನು ಮಾಡಿದರೂ ನೆನಪಾಗುವುದಿಲ್ಲ, ತಲೆ ಕೈ ಕೊಡುತ್ತಿದೆಯೇನೋ, ತಮ್ಮ ತಂದೆಗೂ ಕೊನೆಗೆ ಹೀಗೇ ಆಗಿತ್ತು. ಆಗಲಾದರೂ ಹೇಳಬೇಕಿತ್ತು. ಗ್ಲಾಸು ಕೆಳಗಿಟ್ಟೆ. ನಿಮ್ಮ ತಪ್ಪಿಲ್ಲ ಕಾಕಾ, ಎಲ್ಲರಿಗೂ ಆಗುತ್ತದೆ ಎಂದೆ.

ಜೂನ್ ಕೊನೆಗೆ ಅವರು ನಿವೃತ್ತರಾದರು. ಅದಕ್ಕೆ ಒಂದು ವಾರ ಮೊದಲು ಮುಖ್ಯ ಕಚೇರಿಯಿಂದ ಪತ್ರ ಬಂತು, ಕರ್ತವ್ಯಲೋಪಕ್ಕೆ ಎಚ್ಚರಿಕೆ. ಅದಕ್ಕೂ ಅವರೇ ಆವಕ ನಂಬರು ಹಾಕಿ, ಬರೆದು, ಸಂಯೋಜಕರ ಮೇಜಿನ ಮೇಲೆ ಇಟ್ಟರು. ‘ಚೂಕ್ ಮಾಝೀ ಆಹೇ,’ ಎಂದು ಸಹಿ ಮಾಡಿದರು, ತಪ್ಪು ನನ್ನದು ಎಂದು. ಬೀಳ್ಕೊಡುಗೆಯ ದಿನ ನಾನು ಜ್ವರವೆಂದು ರಜೆ ಹಾಕಿದೆ. ನಿಜವಾಗಿ ಜ್ವರವಿತ್ತು ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ನಾನೂ ಆ ಕೆಲಸ ಬಿಟ್ಟೆ. ಹಾಸನದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುವ ಕೆಲಸ ಸಿಕ್ಕಿತು. ನೀಲಮ್ಮನವರು ಪಾಸಾದರು, ಇಲಾಖೆಯ ಪರೀಕ್ಷೆಯನ್ನೂ ಗೆದ್ದರು, ಗುಮಾಸ್ತೆಯಾದರು ಎಂದು ಅಮ್ಮನ ಪತ್ರದಲ್ಲಿ ಓದಿದೆ. ಕೆಲವು ವರ್ಷದ ಮೇಲೆ, ಕಾಕಾ ವರ್ಧಾ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು ಎಂಬ ಸುದ್ದಿ. ಕೊನೆಯಲ್ಲಿ ಅವರ ನೆನಪು ಚೆನ್ನಾಗಿತ್ತೋ ಇಲ್ಲವೋ ಯಾರನ್ನೂ ಕೇಳಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ, ಕೂಲರಿನ ಮುಂದಿನಿಂದ ಎದ್ದುಹೋದ ಮಾರನೆಯ ದಿನ, ತಂಗಿಯಿಂದ ವಿಳಾಸ ಪಡೆದು ನೀಲಮ್ಮನವರ ಮನೆಗೆ ಹೋದೆ. ಹಿಂಗಣಾ ರಸ್ತೆಯಲ್ಲಿ ಮಗಳ ಮನೆಗೆ ತಾಗಿದ ಮಹಡಿಯ ಮೇಲೆ ಎರಡು ಕೋಣೆ. ಗುರುತು ಹಿಡಿದರು, ಸಂತೋಷಪಟ್ಟರು. ಹೆಡ್ ಕ್ಲರ್ಕಾಗಿ ನಿವೃತ್ತರಾದ ಕತೆ ಹೇಳಿದರು. ಗಂಟೆ ಒತ್ತಿ ಜವಾನರನ್ನು ಕರೆಯುವುದು ತಮಗೆ ಕೊನೆಯವರೆಗೂ ಆಗಲಿಲ್ಲವಂತೆ. ಎದ್ದು ಹೋಗಿ ಹೇಳುತ್ತಿದ್ದರಂತೆ. ನಾನು ಮೆಲ್ಲಗೆ ಆ ಭಾನುವಾರದ ಮಾತೆತ್ತಿದೆ. ಫೋಟೋ ಬಿದ್ದದ್ದು, ಪೊಲೀಸರ ತಮಾಷೆ.

ಅವರು ನಕ್ಕು ತಲೆಯಾಡಿಸಿದರು. ‘ಆವತ್ತು ನೀವು ಮನ್ಯಾಗ ಇದ್ದಿಲ್ರಿ ಸರ. ನಾ ಕೊಟ್ಟದ್ದು ನಿಮ್ಮ ತಾಯಿಯವರ ಕೈಯಾಗ. ಆ 'ಪೊಲೀಸ್ರು' ಮಾತೂ ಅವರ ಮುಂದನ ಅಂದದ್ದು. ಮತ್ತ ಫೋಟೋ ಹೆಂಗ ಬೀಳ್ತದ್ರಿ? ಗೋಂದ ಹಚ್ಚಿ ಅಂಟಿಸಿದ್ದೆ.’

ಅಮ್ಮ ಎಂದೋ ಹೇಳಿದ ಮಾತಿನ ಮೇಲೆ ನಾನು ಕುರ್ಚಿ, ಬಾಗಿಲು, ಬಿದ್ದ ಫೋಟೋ ಎಲ್ಲ ಕಟ್ಟಿ ನಿಲ್ಲಿಸಿದ್ದೆ. ಅಂಟಿಸಿದ ಫೋಟೋಗೆ ಕಾಕಾ ಗುಂಡುಪಿನ್ನು ಚುಚ್ಚಿದ ನೆನಪೂ ಹಾಗೇ ಕಟ್ಟಿದ್ದು, ಬಿದ್ದ ಫೋಟೋ ನನ್ನ ಚಿತ್ರಕ್ಕೆ ಬಂದದ್ದು ಅವರ ಮಾತಿನಿಂದಲೇ ಇರಬಹುದು. ಅರ್ಜಿ ಎಲ್ಲಿ ಹೋಯಿತು ಎಂಬುದು ಇನ್ನು ಗೊತ್ತಾಗುವುದಿಲ್ಲ. ಅಮ್ಮನೂ ಇಲ್ಲ. ಆ ವರ್ಷದಲ್ಲಿ ನಾನು ಆಣೆ ಮಾಡಿ ಹೇಳಬಹುದಾದದ್ದು ಒಂದೇ ಉಳಿದಿತ್ತು. ಅದನ್ನು ಹೇಳಿಬಿಟ್ಟೆ. ಅರ್ಜಿ ದಾಖಲಾಗಿರಲಿಲ್ಲ, ಆ ಸಾಲು ನಾನು ಬರೆದದ್ದು, ಶಿಕ್ಷೆ ಕಾಕಾಗೆ ಹೋಯಿತು ಎಂದೆ. ಇಷ್ಟು ವರ್ಷದ ಮೇಲೆ ಒಬ್ಬರಿಗಾದರೂ ಹೇಳಿದರೆ ಹಗುರಾಗುತ್ತದೆ ಎಂದು ತಿಳಿದಿದ್ದೆ.

ನೀಲಮ್ಮನವರು ಎದ್ದು ಹೋಗಿ ಮೆಟ್ಟಿಲ ಕಡೆಯ ಬಾಗಿಲು ಮುಂದೆ ಮಾಡಿ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದಿತ್ತೋ ಅದನ್ನು ನಾನು ಚೆನ್ನಾಗಿ ಬಲ್ಲೆ. ಆ ಏಪ್ರಿಲ್ ಇಡೀ ಕನ್ನಡಿಯಲ್ಲಿ ನೋಡಿದ್ದೆ.

‘ಇದನ್ನ ಇನ್ನ ಯಾರ ಮುಂದ ಹೇಳೀರಿ?’

ಯಾರಿಗೂ ಇಲ್ಲ ಎಂದೆ.

‘ನನ್ನ ನೌಕರಿ ಆ ಸರ್ಟಿಫಿಕೇಟ್ ಮ್ಯಾಲೆ ಆತ್ರಿ. ಪೆನ್ಷನ್ ಅದರ ಮ್ಯಾಲೆ ನಡದೈತಿ. ಆ ಪರೀಕ್ಷಾಕ್ಕ ನಾ ಕೂತದ್ದ ಸುಳ್ಳು ಅಂತ ಯಾರರೆ ಬರದು ಹಾಕಿದ್ರ?’ ಧ್ವನಿ ಇನ್ನೂ ತಗ್ಗಿತು. ‘ಆ ರಿಜಿಸ್ಟರ್ ಈಗ ಯಾರ ಕಡೆ ಐತ್ರಿ?’

ಗೊತ್ತಿಲ್ಲ ಎಂದೆ. ಇಷ್ಟು ವರ್ಷದ ಮೇಲೆ ಯಾರೂ ಕೇಳುವುದಿಲ್ಲ, ಪಾಸಾದದ್ದು ನೀವೇ ಓದಿ ಬರೆದು ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ತಟ್ಟೆಯಲ್ಲಿ ಹಾಕಿಟ್ಟಿದ್ದ ಚಕ್ಕುಲಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ‘ಸರ, ತಪ್ಪು ತಿಳ್ಕೋಬ್ಯಾಡ್ರಿ. ಇನ್ನ ಇಲ್ಲಿ ಬರಬ್ಯಾಡ್ರಿ.’

ಮೆಟ್ಟಿಲಿಳಿದು ಗೇಟಿನ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಮನೆಯಿಂದ ಮಗಳು ಮರಾಠಿಯಲ್ಲಿ ಕೂಗಿ, ಯಾರು ಬಂದಿದ್ದರು ಆಯೀ ಎಂದು ಕೇಳಿದಳು. ಮೇಲಿನಿಂದ ನೀಲಮ್ಮನವರ ಧ್ವನಿ ಕೇಳಿಸಿತು, ಸ್ಪಷ್ಟವಾಗಿ, ಸ್ವಲ್ಪವೂ ನಡುಗದೆ. ಯಾರೋ ಗೊತ್ತಿಲ್ಲದವರು, ವಿಳಾಸ ಕೇಳಲು ಬಂದಿದ್ದರು ಎಂದರು.